ಅದು ಅರಮನೆ ಅಲ್ಲ, ವಾಡೆ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಎಸ್ಟೋನಿಯಾ ಪ್ರವಾಸದ ಬರಹ ಬಂದಿತ್ತು. ಊರಿನಿಂದ ಅಕ್ಕ ಅದರ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು, 'ನೀನಿರುವ ದೇಶದ್ದು ಬಂದಿದೆ ನೋಡು' ಅಂತ. ನಾನು ಆರು ವರ್ಷದಿಂದ ಇಲ್ಲಿನ ರಾಜಧಾನಿ ಟಾಲಿನ್ನಿನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಈ ಪುಟ್ಟ ದೇಶದ ಒಂದು ಹಳ್ಳಿಯ ಬಗ್ಗೆ ಕನ್ನಡ ಪತ್ರಿಕೆಯಲ್ಲಿ ಅರ್ಧ ಪುಟ ಬಂದಿದ್ದು ನೋಡಿ ನಿಜಕ್ಕೂ ಖುಷಿಯಾಯಿತು. ಬಣ್ಣದ ಚಿತ್ರವೂ ಚೆನ್ನಾಗಿತ್ತು. ಕೆರೆ, ಹುಲ್ಲುಹಾಸು, ಅದರ ಹಿಂದೆ ದೊಡ್ಡ ಮನೆ. ಆದರೆ ಕೆಳಗಿನ ಸಾಲು ಓದಿದಾಗ ಮನಸ್ಸಿಗೆ ಕಸಿವಿಸಿಯಾಯಿತು. 'ಎಸ್ಟೋನಿಯಾದ ರಾಜರ ಬೇಸಿಗೆ ಅರಮನೆ, ಪಾಲ್ಮ್ಸೆ' ಅಂತ ಹಾಕಿದ್ದೀರಿ.

ಎಸ್ಟೋನಿಯಾಕ್ಕೆ ತನ್ನದೇ ಆದ ರಾಜಮನೆತನವೇ ಇರಲಿಲ್ಲ. ಆ ಮನೆಯಲ್ಲಿದ್ದವರು ಎಸ್ಟೋನಿಯನ್ನರೂ ಅಲ್ಲ. ಇದು ಸುಮ್ನೆ ಒಂದು ಪದದ ತಪ್ಪಾಗಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಆ ಒಂದು ಪದದಿಂದ ಇಡೀ ಹಳ್ಳಿಯ ಕಥೆ ತಲೆಕೆಳಗಾಗುತ್ತದೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಬಹುದು, ಓದಿ.

ಎಸ್ಟೋನಿಯನ್ ಭಾಷೆಯಲ್ಲಿ ಆ ಮನೆಗೆ ಮೋಯಿಸ್ ಅನ್ನುತ್ತಾರೆ. ಮನೆ ಒಂದನ್ನೇ ಅಲ್ಲ. ಮನೆ, ಅದರ ಸುತ್ತಲಿನ ಕಣಜ, ಕುದುರೆಲಾಯ, ಕಮ್ಮಾರಸಾಲೆ, ಸಾರಾಯಿ ಭಟ್ಟಿ, ಮೈಲಿಗಟ್ಟಲೆ ಹೊಲ, ಕಾಡು, ಆ ಹೊಲದಲ್ಲಿ ದುಡಿಯುವ ಹಳ್ಳಿಗಳು, ಹಳ್ಳಿಗಳಲ್ಲಿರುವ ಜನ, ಎಲ್ಲವೂ ಸೇರಿದರೆ ಮೋಯಿಸ್. ನಮ್ಮ ಬಾಗಲಕೋಟೆ ಕಡೆ ದೇಸಾಯರ ಮನೆಗೆ ವಾಡೆ ಅನ್ನುತ್ತೇವೆ. ವಾಡೆ ಅಂದ ಕೂಡಲೇ ನಮಗೆ ಬರೀ ದೊಡ್ಡ ಬಾಗಿಲು, ಕಂಬ ನೆನಪಾಗುವುದಿಲ್ಲ. ಅಲ್ಲಿ ಯಾರು ಬಿಟ್ಟಿ ದುಡಿದರು, ಯಾರು ಹೊರಗೇ ನಿಂತರು ಅನ್ನುವುದೂ ಆ ಪದದೊಳಗೆ ಬಂದುಬಿಡುತ್ತದೆ, ಅಲ್ವಾ? ಮೋಯಿಸ್‌ಗೆ ನನಗೆ ಗೊತ್ತಿರುವ ಕನ್ನಡದಲ್ಲಿ ಅತ್ಯಂತ ಹತ್ತಿರದ ಪದ ಇದೇ. ಅರಮನೆ ಖಂಡಿತ ಅಲ್ಲ.

ಪಾಲ್ಮ್ಸೆ ಟಾಲಿನ್ನಿನಿಂದ ಪೂರ್ವಕ್ಕೆ ಸುಮಾರು 80 ಕಿಲೋಮೀಟರ್. ನಾರ್ವಾಕ್ಕೆ ಹೋಗುವ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದರೆ ಪೈನ್ ಕಾಡು, ನಡುನಡುವೆ ಹಾಸುಗಂಬಳಿಯಂಥ ಹಸಿರು ಪಾಚಿ, ಅದರ ಮೇಲೆ ಆನೆಯಷ್ಟು ದೊಡ್ಡ ಕಲ್ಲುಗುಂಡುಗಳು. ಹಿಮಯುಗದಲ್ಲಿ ಹಿಮನದಿ ಫಿನ್‌ಲ್ಯಾಂಡಿನ ಕಡೆಯಿಂದ ಉರುಳಿಸಿಕೊಂಡು ಬಂದು ಬಿಟ್ಟುಹೋದ ಕಲ್ಲುಗಳವು. ಇದೆಲ್ಲ ಲಾಹೆಮಾ ರಾಷ್ಟ್ರೀಯ ಉದ್ಯಾನದೊಳಗೆ ಬರುತ್ತದೆ. ಲಾಹೆಮಾ ಅಂದರೆ ಕೊಲ್ಲಿಗಳ ನಾಡು. 1971ರಲ್ಲಿ ಆದ ಉದ್ಯಾನ ಇದು, ಇಡೀ ಸೋವಿಯತ್ ಒಕ್ಕೂಟದಲ್ಲೇ ಮೊದಲನೆಯದು. ಹಳ್ಳಿ ತೀರಾ ಚಿಕ್ಕದು. ಚದುರಿದ ಮನೆಗಳು, ಸೇಬಿನ ಮರಗಳು, ಸೌದೆ ಒಟ್ಟಿದ ಕೊಟ್ಟಿಗೆಗಳು. ನಡುವೆ ಈ ಮೋಯಿಸ್.

ಇತಿಹಾಸ ಹೀಗಿದೆ. 1510ರವರೆಗೆ ಪಾಲ್ಮ್ಸೆ ಟಾಲಿನ್ನಿನ ಸಂತ ಮೈಕೆಲ್ ಸನ್ಯಾಸಿನಿಯರ ಮಠದ ಆಸ್ತಿ. ಆಮೇಲೆ ಜರ್ಮನ್ ಮನೆತನಗಳ ಕೈಗೆ ಬಂತು. 1670ರ ದಶಕದಲ್ಲಿ ಫಾನ್ ಡೆರ್ ಪಾಲೆನ್ ಮನೆತನದವರಿಗೆ ಸೇರಿತು, 1923ರವರೆಗೆ ಅವರದೇ. ಹತ್ತಿರ ಹತ್ತಿರ ಎರಡೂವರೆ ಶತಮಾನ! ಈಗ ಕಾಣುವ ಮನೆಗೆ ಈ ರೂಪ ಬಂದದ್ದು 1780ರ ದಶಕದಲ್ಲಿ. ಪಾಲೆನ್ ಮನೆತನದಲ್ಲಿ ದೊಡ್ಡ ದೊಡ್ಡವರಿದ್ದರು. ರಷ್ಯಾದ ದೊರೆ ಪಾವೆಲ್‌ನನ್ನು 1801ರಲ್ಲಿ ಕೊಂದ ಸಂಚಿನ ಮುಖಂಡ ಪೀಟರ್ ಲುಡ್ವಿಗ್ ಹುಟ್ಟಿದ್ದು ಇಲ್ಲೇ. ಟಾಲಿನ್ನಿನಿಂದ ಸೇಂಟ್ ಪೀಟರ್ಸ್‌ಬರ್ಗ್ ಕಡೆಗೆ 1870ರಲ್ಲಿ ರೈಲು ಬರಲು ಮುಂದೆ ನಿಂತು ದುಡಿದ ಅಲೆಕ್ಸಾಂಡರ್ ಕೂಡ ಈ ಮನೆಯವರೇ. ಆ ರೈಲಿನಿಂದ ಈ ದೇಶಕ್ಕೆ ಆದ ಉಪಕಾರ ದೊಡ್ಡದು, ಇಲ್ಲ ಅನ್ನುವುದಿಲ್ಲ. ನಿಮ್ಮ ಬರಹದಲ್ಲಿ ಇವರೆಲ್ಲ ಬಂದಿದ್ದಾರೆ. ಬಾರದೇ ಇದ್ದವರು ಬೇರೆ ಜನ.

13ನೇ ಶತಮಾನದಲ್ಲಿ ಡೇನರು, ಜರ್ಮನ್ ಯೋಧರು ಶಿಲುಬೆ ಹಿಡಿದುಕೊಂಡು ಬಂದು ಈ ನಾಡನ್ನು ಗೆದ್ದರು. ಆಮೇಲೆ ಆಳುವವರು ಬದಲಾದರು. ಡೆನ್ಮಾರ್ಕ್ ಹೋಗಿ ಜರ್ಮನ್ ಯೋಧಸಂಘ, ಆಮೇಲೆ ಸ್ವೀಡನ್, 1710ರಿಂದ ರಷ್ಯಾ. ಧ್ವಜ ಯಾರದೇ ಇರಲಿ, ಹೊಲದ ಒಡೆಯರು ಮಾತ್ರ ಅದೇ ಜರ್ಮನ್ ಭಾಷೆಯ ಜಮೀನ್ದಾರರು. ಎಸ್ಟೋನಿಯನ್ನರು ಒಕ್ಕಲುಗಳು. ಇಲ್ಲಿನ ಭಾಷೆಯಲ್ಲಿ ಸಾಕ್ಸ್ ಅಂದರೆ ಧಣಿ. ಜರ್ಮನ್‌ ಜನರನ್ನು ಕರೆಯುವ ಪದವೂ ಅದರಿಂದಲೇ ಬಂದದ್ದು. ಧಣಿಗೂ ಜರ್ಮನ್‌ನವನಿಗೂ ಒಂದೇ ಪದ ಸಾಕಾಗಿತ್ತು ಅಂದರೆ ಎಷ್ಟು ಶತಮಾನದ ಅನುಭವ ಇರಬೇಕು ನೋಡಿ. ಊರುಗಳಿಗೂ ಎರಡೆರಡು ಹೆಸರು. ಒಕ್ಕಲಿಗೆ ಪಾಲ್ಮ್ಸೆ, ಧಣಿಗೆ ಪಾಲ್ಮ್ಸ್.

ಒಕ್ಕಲುಗಳು ವಾರದಲ್ಲಿ ಇಷ್ಟು ದಿನ ಅಂತ ಮೋಯಿಸಿನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ಕುದುರೆ ಅಥವಾ ಎತ್ತು ಹೂಡಿಕೊಂಡು ಬರುವ ದಿನ ಬೇರೆ, ಬರಿಗೈಯಲ್ಲಿ ಬರುವ ದಿನ ಬೇರೆ. ಸುಗ್ಗಿಯಲ್ಲಿ ಅದರ ಮೇಲೆ ಮತ್ತಷ್ಟು ದಿನ. ತಮ್ಮ ಹೊಲದ ಪೈರು ಮಳೆಯಲ್ಲಿ ಮಲಗಿದರೂ ಸರಿ, ಮೊದಲು ಧಣಿಯ ಪೈರು ಒಳಗೆ ಬರಬೇಕು. ಕೋಲು ಹಿಡಿದು ಮೇಲೆ ನಿಲ್ಲುವ ಮೇಸ್ತ್ರಿಗೆ ಕುಬ್ಯಾಸ್ ಅನ್ನುತ್ತಿದ್ದರು. ಅವನೂ ಒಕ್ಕಲಿನವರಲ್ಲೇ ಒಬ್ಬ. ಇವತ್ತಿಗೂ ನಮ್ಮ ಆಫೀಸಿನಲ್ಲಿ ತಲೆ ಮೇಲೆ ಕೂತು ಕೆಲಸ ತೆಗೆಯುವವರಿಗೆ ಇದೇ ಪದ ಬಳಸುತ್ತಾರೆ.

ಇನ್ನೊಂದು ಗಾದೆಯನ್ನು ಸಹೋದ್ಯೋಗಿಯೊಬ್ಬ ಹೇಳಿಕೊಟ್ಟ. 'ಮೋಯಿಸಿನ ಹಗ್ಗ, ನೆಲದ ಮೇಲೆ ಎಳೆದಾಡಲಿ ಬಿಡು.' ಧಣಿಯ ಹಗ್ಗ ತಾನೇ, ಕೆಸರಲ್ಲಿ ಎಳೆದು ಹಾಳಾದರೆ ನನಗೇನು ಅಂತ. ಈಗ ಸರ್ಕಾರಿ ಆಸ್ತಿಯನ್ನು ಯಾರಾದರೂ ಹಾಳುಮಾಡಿದಾಗ ಈ ಮಾತು ಬರುತ್ತದೆ, ನಾವು 'ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ' ಅನ್ನುವ ಹಾಗೆ. ಆದರೆ ಅದು ಹುಟ್ಟಿದ ಜಾಗ ಯೋಚಿಸಿ. ದಿನವಿಡೀ ಬಿಟ್ಟಿ ದುಡಿದವನ ಕೈಯಲ್ಲಿ ಉಳಿದಿದ್ದ ಒಂದೇ ಸ್ವಾತಂತ್ರ್ಯ ಅದು, ಹಗ್ಗವನ್ನು ಎತ್ತಿ ಹಿಡಿಯದೆ ಇರುವುದು.

ಇಷ್ಟು ಅಂದದ ಮನೆ ಕಟ್ಟಲು ಈ ಬಡ ನೆಲದಲ್ಲಿ ದುಡ್ಡು ಎಲ್ಲಿಂದ ಬಂತು ಅನ್ನುವುದಕ್ಕೂ ಪಾಲ್ಮ್ಸೆಯಲ್ಲೇ ಉತ್ತರ ಇದೆ, ಆ ಉತ್ತರದೊಳಗೇ ನಿಮ್ಮ ಲೇಖಕರು ರಾತ್ರಿ ತಂಗಿದ್ದರೂ ಇರಬಹುದು. ಅಂಗಳದಾಚೆ ಹೋಟೆಲ್ ಮಾಡಿರುವ ದಪ್ಪ ಗೋಡೆಯ ಕಟ್ಟಡ ಹಿಂದೆ ಸಾರಾಯಿ ಭಟ್ಟಿ. 18ನೇ ಶತಮಾನದ ಎರಡನೇ ಅರ್ಧದಲ್ಲಿ ಇಲ್ಲಿನ ಜಮೀನ್ದಾರರಿಗೆ ರಷ್ಯಾದ ಮಾರುಕಟ್ಟೆ ತೆರೆದುಕೊಂಡಿತು. ಪೀಟರ್ಸ್‌ಬರ್ಗಿನಂಥ ದೊಡ್ಡ ಊರು ಪಕ್ಕದಲ್ಲೇ. ಧಾನ್ಯವನ್ನು ಹಾಗೇ ಗಾಡಿಯಲ್ಲಿ ಸಾಗಿಸಿದರೆ ಲಾಭ ಕಡಿಮೆ, ವೋಡ್ಕಾ ಮಾಡಿ ಸಾಗಿಸಿದರೆ ಜಾಸ್ತಿ. ಭಟ್ಟಿಯಲ್ಲಿ ಉಳಿದ ಗಸಿಯನ್ನು ಎತ್ತುಗಳಿಗೆ ತಿನ್ನಿಸಿ ಕೊಬ್ಬಿಸಿ ಅವನ್ನೂ ಪೀಟರ್ಸ್‌ಬರ್ಗಿಗೆ ಮಾರುತ್ತಿದ್ದರು. ಚಳಿಗಾಲದ ಹಿಮದಲ್ಲಿ ಪೀಪಾಯಿಗಳನ್ನು ಜಾರುಗಾಡಿಗೆ ಹೇರಿಕೊಂಡು ನೂರಾರು ಮೈಲಿ ಹೋಗಿಬರುವುದೂ ಒಕ್ಕಲುಗಳ ಬಿಟ್ಟಿ ಕೆಲಸವೇ. ಆ ಕಾಲದಲ್ಲೇ ನೋಡಿ, ದೇಶದ ತುಂಬ ಮೋಯಿಸುಗಳಿಗೆ ಹೊಸ ಕಳೆ ಬಂದದ್ದು. ಅದೇ ಕಾಲದಲ್ಲಿ ಒಕ್ಕಲುಗಳು ತಿನ್ನುತ್ತಿದ್ದದ್ದು ಹೊಟ್ಟು ಬೆರೆಸಿದ ರೊಟ್ಟಿ. ರೈ ಧಾನ್ಯದ ಕಪ್ಪು ರೊಟ್ಟಿ ಇವರ ಜೀವ. ಅದರಲ್ಲಿ ಹಿಟ್ಟು ಸಾಲದೆ ಹೊಟ್ಟನ್ನೇ ಕಲಸಿ ಸುಡುತ್ತಿದ್ದರು. ಈಗಲೂ ಹಳಬರು ಊಟಕ್ಕೆ ಕೂತವರನ್ನು ಕಂಡರೆ 'ರೊಟ್ಟಿ ಸಾಕಾಗುವಷ್ಟಿರಲಿ' ಅಂತ ಹಾರೈಸುತ್ತಾರೆ. ಮೊದಲ ಸಲ ಕೇಳಿದಾಗ ಇದೊಂದು ಸೊಗಸಾದ ರೂಢಿ ಅಂದುಕೊಂಡಿದ್ದೆ. ಅದರ ಹಿಂದಿನ ಹಸಿವು ಗೊತ್ತಾದದ್ದು ಆಮೇಲೆ.

ಹೂಪೆಲ್ ಅನ್ನುವ ಪಾದ್ರಿ 1770ರ ದಶಕದಲ್ಲಿ ಈ ನಾಡಿನ ಬಗ್ಗೆ ಬರೆದಿಟ್ಟಿದ್ದಾನೆ. ಒಕ್ಕಲುಗಳನ್ನೂ ಅವರ ಮಕ್ಕಳನ್ನೂ ಮಾರುತ್ತಾರೆ, ಇಲ್ಲವೇ ಕುದುರೆಗೆ, ನಾಯಿಗೆ, ಹೊಗೆ ಸೇದುವ ಪೈಪಿಗೆ ಬದಲು ಕೊಡುತ್ತಾರೆ ಅಂತ. ಅವನೇನೂ ಒಕ್ಕಲಿನವನಲ್ಲ, ಜರ್ಮನ್ ಪಾದ್ರಿಯೇ.

ಆಮೇಲೆ ಬಿಡುಗಡೆ ಬಂತು. ಉತ್ತರ ಎಸ್ಟೋನಿಯಾದಲ್ಲಿ 1816ರಲ್ಲಿ, ದಕ್ಷಿಣದಲ್ಲಿ 1819ರಲ್ಲಿ ಜೀತ ರದ್ದಾಯಿತು. ಜನರನ್ನು ಬಿಟ್ಟರು, ಭೂಮಿ ಬಿಡಲಿಲ್ಲ. ಹೊಲ ಎಲ್ಲ ಧಣಿಯದೇ. ಹಾಗಾಗಿ ಅದೇ ಹೊಲವನ್ನು ಗೇಣಿಗೆ ಪಡೆದು ಗೇಣಿಯ ಬದಲು ಮತ್ತೆ ಅದೇ ಬಿಟ್ಟಿ. ಆ ಸಮಯದಲ್ಲೇ ಇವರಿಗೆ ಮನೆತನದ ಹೆಸರು ಅಂತ ಸಿಕ್ಕಿದ್ದು. ಉತ್ತರದ ಕಡೆ 1835ರ ಸುಮಾರಿಗೆ ಮೋಯಿಸಿನಲ್ಲಿ ಸಾಲಾಗಿ ನಿಲ್ಲಿಸಿ ಪಟ್ಟಿ ಮಾಡಿದರು. ಹೆಸರುಗಳು ಸುತ್ತಮುತ್ತ ಕಂಡದ್ದೇ. ಟಾಮ್ ಅಂದರೆ ಓಕ್ ಮರ. ಕಾಸ್ಕ್ ಅಂದರೆ ಬರ್ಚ್ ಮರ. ಮ್ಯಾಗಿ ಅಂದರೆ ಗುಡ್ಡ. ಸೆಪ್ ಅಂದರೆ ಕಮ್ಮಾರ. ನಮ್ಮ ಆಫೀಸಿನ ಹಾಜರಿ ಪಟ್ಟಿ ತೆರೆದರೆ ಒಂದು ಕಾಡೇ ಕಾಣುತ್ತದೆ. ಅವರೆಲ್ಲ ಯಾವುದೋ ಒಂದು ಮೋಯಿಸಿನ ಅಂಗಳದಲ್ಲಿ ನಿಂತಿದ್ದವರ ಮೊಮ್ಮಕ್ಕಳ ಮೊಮ್ಮಕ್ಕಳು.

1858ರ ಎರಡು ಸಂಗತಿ ಹೇಳಲೇಬೇಕು. ಹೊಸ ಕಾನೂನಿನಿಂದ ಸುಗ್ಗಿಯ ಹೆಚ್ಚುವರಿ ಬಿಟ್ಟಿ ಹೋಯಿತು ಅಂತ ಜನ ನಂಬಿದ್ದರು. ಧಣಿಗಳು ಒಪ್ಪಲಿಲ್ಲ. ಮಾಹ್ತ್ರಾ ಅನ್ನುವ ಮೋಯಿಸಿನಲ್ಲಿ ಒಕ್ಕಲುಗಳು ಸೈನಿಕರ ಎದುರು ದೊಣ್ಣೆ ಹಿಡಿದು ನಿಂತರು. ಗುಂಡು ಹಾರಿತು, ಎರಡೂ ಕಡೆ ಹೆಣ ಬಿತ್ತು, ಮೋಯಿಸಿಗೆ ಬೆಂಕಿ ಬಿತ್ತು. ಅದನ್ನು ಇವರು ಮಾಹ್ತ್ರಾ ಯುದ್ಧ ಅಂತಲೇ ಕರೆಯುತ್ತಾರೆ. ಅದೇ ಬೇಸಿಗೆಯಲ್ಲಿ ಆನಿಯಾ ಮೋಯಿಸಿನ ಗಂಡಸರು ದೂರು ಕೊಡೋಣ ಅಂತ ಟಾಲಿನ್ನಿಗೆ ಬಂದರು. ಗವರ್ನರ್ ಹತ್ತಿರ ಹೇಳಿಕೊಂಡರೆ ನ್ಯಾಯ ಸಿಗುತ್ತದೆ ಅನ್ನುವ ನಂಬಿಕೆ. ಅವರನ್ನು ಹಿಡಿದು ಸಂತೆ ಬಯಲಿನಲ್ಲಿ, ಎಲ್ಲರ ಕಣ್ಣೆದುರು, ಛಡಿಯಿಂದ ಹೊಡೆದರು. ಆ ಬಯಲು ಯಾವುದು ಗೊತ್ತಾ? ಈಗಿನ ವಿರು ಚೌಕ. ಟಾಲಿನ್ನಿಗೆ ಬಂದವರೆಲ್ಲ ಹಳೆ ಪೇಟೆಗೆ ಹೋಗುವಾಗ ದಾಟುವ ಜಾಗ. ಹೂವಿನ ಅಂಗಡಿಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದರ ಆಸುಪಾಸು. ನಾನೂ ಎಷ್ಟೋ ಸಲ ನಿಂತಿದ್ದೇನೆ, ಇದು ಗೊತ್ತಿಲ್ಲದೆ.

ಕೊನೆಗೆ ಬಿಟ್ಟಿ ಕಾನೂನಿನಲ್ಲಿ ರದ್ದಾದದ್ದು 1868ರಲ್ಲಿ. 1905ರ ಡಿಸೆಂಬರಿನಲ್ಲಿ ರಷ್ಯಾದ ತುಂಬ ದಂಗೆ ಎದ್ದಾಗ ಇಲ್ಲಿ ಕಾರ್ಖಾನೆಯ ಕೆಲಸಗಾರರೂ ಹಳ್ಳಿಗರೂ ಸೇರಿ ನೂರಕ್ಕೂ ಹೆಚ್ಚು ಮೋಯಿಸುಗಳನ್ನು ಸುಟ್ಟರು. ಅದಕ್ಕೆ ಪ್ರತಿಯಾಗಿ ದಂಡು ಬಂದು ನೂರಾರು ಜನರನ್ನು ಗುಂಡಿಟ್ಟು ಕೊಂದಿತು. 1918ರಲ್ಲಿ ಸ್ವಾತಂತ್ರ್ಯ ಘೋಷಿಸಿದ ಮೇಲೂ ಯುದ್ಧ ಎರಡು ಕಡೆ ನಡೆಯಿತು, ಒಂದು ಕಡೆ ರಷ್ಯಾದ ಕೆಂಪು ಸೈನ್ಯ, ಇನ್ನೊಂದು ಕಡೆ ಈ ಜರ್ಮನ್ ಜಮೀನ್ದಾರರ ಪಡೆ. ಆ ಪಡೆಯನ್ನು 1919ರ ಜೂನ್ 23ರಂದು ವೊನ್ನು ಅನ್ನುವಲ್ಲಿ ಸೋಲಿಸಿದರು. ಆ ದಿನ ಈಗ ವಿಜಯ ದಿನ, ದೇಶಕ್ಕೆಲ್ಲ ರಜೆ. ಅದೇ ರಾತ್ರಿ ನಡುಬೇಸಿಗೆಯ ದೊಡ್ಡ ಬೆಂಕಿ ಹಾಕಿ ಹಾಡುತ್ತಾರೆ. ಅದೇ ವರ್ಷ ಅಕ್ಟೋಬರಿನಲ್ಲಿ ಭೂಸುಧಾರಣೆ ಕಾನೂನು ಬಂತು. ಅಲ್ಲಿಯವರೆಗೆ ದೇಶದ ಅರ್ಧಕ್ಕೂ ಹೆಚ್ಚು ಭೂಮಿ ಮೋಯಿಸುಗಳ ಕೈಯಲ್ಲಿತ್ತು. ಅದನ್ನೆಲ್ಲ ಸರ್ಕಾರ ತೆಗೆದುಕೊಂಡು ತುಂಡು ಮಾಡಿ ಹಂಚಿತು. ಮೊದಲು ಸಿಕ್ಕಿದ್ದು ಯುದ್ಧ ಮಾಡಿದ ಸೈನಿಕರಿಗೆ. ಉಳುವವನೇ ಹೊಲದೊಡೆಯ ಅನ್ನುವ ಮಾತು ನಮಗೆ ಚೆನ್ನಾಗಿ ಗೊತ್ತು. ಇಲ್ಲಿ ಅದು 1919ರಲ್ಲೇ ನಡೆದುಹೋಗಿದೆ.

ನನ್ನ ಪತ್ರದ ಮುಖ್ಯ ವಿಷಯ ಈಗ ಬರುತ್ತದೆ. ಹೊಲ ಹಂಚಿಯಾಯಿತು. ಮನೆಗಳನ್ನು ಏನು ಮಾಡುವುದು? ಅಜ್ಜ ಏಟು ತಿಂದ ಮನೆ, ಅಜ್ಜಿ ಮಡಿಲು ಹಿಡಿದು ನಿಂತ ಮನೆ. ಎಲ್ಲವನ್ನೂ ಕೆಡವಿಹಾಕಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ. ಕೆಲವನ್ನು ಕೆಡವಿ ಕಲ್ಲು ಒಯ್ದರು, ನಿಜ. ಆದರೆ ಬಹಳ ಕಡೆ ಈ ಜನ ಮಾಡಿದ್ದು ಬೇರೆ. ಶಾಲೆ ಮಾಡಿದರು. ಹೊಸ ದೇಶ, ಬೊಕ್ಕಸ ಖಾಲಿ, ಕಟ್ಟಡ ಇಲ್ಲ, ಮಕ್ಕಳಿದ್ದಾರೆ. ಧಣಿಯ ನಡುಮನೆಯಲ್ಲಿ ಬೆಂಚು ಹಾಕಿ ಒಕ್ಕಲು ಮಕ್ಕಳನ್ನು ಕೂರಿಸಿದರು. ಪಾಲ್ಮ್ಸೆಯ ಪಕ್ಕದ ಸಗಾದಿ ಮೋಯಿಸ್, ಗುಲಾಬಿ ಬಣ್ಣದ್ದು, ಫಾನ್ ಫೋಕ್ ಮನೆತನದ್ದು, ದಶಕಗಳ ಕಾಲ ಶಾಲೆಯಾಗಿತ್ತು. ಮಧ್ಯ ಎಸ್ಟೋನಿಯಾದ ಲೌಪಾ ಮೋಯಿಸ್ 1905ರಲ್ಲಿ ಸುಟ್ಟುಹೋಗಿತ್ತು. ಧಣಿ ಮತ್ತೆ ಹೊಸದಾಗಿ, ಇನ್ನೂ ವೈಭವದಿಂದ ಕಟ್ಟಿಸಿದ. ಕಟ್ಟಿ ಹತ್ತು ವರ್ಷ ಆಗುವಷ್ಟರಲ್ಲಿ ಅದೂ ಶಾಲೆಯಾಯಿತು. ದೇಶದಲ್ಲಿ ಇವತ್ತಿಗೂ ಹತ್ತಾರು ಮೋಯಿಸುಗಳಲ್ಲಿ ಶಾಲೆ ನಡೆಯುತ್ತಿದೆ.

ಇಂಥದೊಂದು ಶಾಲೆಯಲ್ಲಿ ಓದಿದವರು ನನಗೆ ಗೊತ್ತು. ನನ್ನ ಸಹೋದ್ಯೋಗಿಯ ಅಜ್ಜಿ, ಎಂಬತ್ತು ದಾಟಿದವರು, ರಾಕ್ವೆರೆ ಕಡೆಯ ಹಳ್ಳಿಯಲ್ಲಿರುತ್ತಾರೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಅವರನ್ನು ಕರೆದುಕೊಂಡು ಪಾಲ್ಮ್ಸೆಗೆ ಹೋಗಿದ್ದೆವು. ಒಳಗೆ ಕೋಣೆಯಿಂದ ಕೋಣೆಗೆ ಹೋಗುತ್ತಾ ನಾವೆಲ್ಲ ಪಿಯಾನೊ, ಕನ್ನಡಿ, ಊಟದ ಮೇಜು ನೋಡುತ್ತಿದ್ದೆವು. ಅಜ್ಜಿ ಮೂಲೆಯಲ್ಲಿದ್ದ ಹೆಂಚಿನ ಒಲೆಯ ಹತ್ತಿರ ನಿಂತುಬಿಟ್ಟರು. ನೆಲದಿಂದ ಛಾವಣಿಯವರೆಗೆ ಬಿಳಿ ಹೊಳಪಿನ ಹೆಂಚು ಜೋಡಿಸಿದ ಒಲೆ, ಕೋಣೆ ಬೆಚ್ಚಗಿಡಲು. ಮುಟ್ಟಬಾರದು ಅಂತ ಗೊತ್ತಿದ್ದೂ ಕೈ ಅದರ ಹತ್ತಿರ ಹೋಯಿತು. ಆಮೇಲೆ ಮೊಮ್ಮಗನಿಗೆ ಏನೋ ಹೇಳಿದರು. ಅವನು ನನಗೆ ಬಿಡಿಸಿ ಹೇಳಿದ. 1950ರ ದಶಕದಲ್ಲಿ ಅವರ ಶಾಲೆಯಲ್ಲೂ ಇಂಥದೇ ಒಲೆ ಇತ್ತಂತೆ. ಹಿಮದಲ್ಲಿ ಮೂರು ನಾಲ್ಕು ಕಿಲೋಮೀಟರ್ ನಡೆದು ಬಂದ ಮಕ್ಕಳು ಒದ್ದೆ ಉಣ್ಣೆಯ ಕೈಗವಸು ಬಿಚ್ಚಿ ಆ ಒಲೆಯ ಮೇಲೆ ಒಣಹಾಕುತ್ತಿದ್ದರಂತೆ. ಎರಡನೇ ಪಾಠ ಮುಗಿಯುವ ಹೊತ್ತಿಗೆ ತರಗತಿಯೆಲ್ಲ ಕುರಿಯ ವಾಸನೆ. 'ಯಾರ ಒಲೆ ಅಂತ ನಮಗೆ ಮನೆಯಲ್ಲಿ ಹೇಳಿದ್ದರು. ನನ್ನ ಮುತ್ತಜ್ಜಿ ಆ ಒಲೆಗೆ ಸೌದೆ ಹೊತ್ತು ತಂದು ಹಾಕಿದವಳು, ಅದರ ಹತ್ತಿರ ಕೂತವಳಲ್ಲ' ಅಂದರು ಅಜ್ಜಿ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಸರಿಯಾಗಿ ಹೇಳಬೇಕು ಅನ್ನುವ ಖಚಿತತೆ ಇತ್ತು.

ಅಲ್ಲಿಂದ ಅವರ ಹಳ್ಳಿಗೆ ಹೋದೆವು. ಅಲ್ಲೂ ಒಂದು ಮೋಯಿಸ್ ಇತ್ತಂತೆ, ಈಗ ಇಲ್ಲ. ಮನೆ ಬಿದ್ದುಹೋಗಿದೆ. ಅದಕ್ಕೆ ಹೋಗುವ ದಾರಿಯ ಎರಡೂ ಕಡೆಯ ಲಿಂಡನ್ ಮರಗಳು ಮಾತ್ರ ಹಾಗೇ ನಿಂತಿವೆ, ದಾರಿ ಹೋಗಿ ಮುಳ್ಳುಪೊದೆಯಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಹಳೆ ಕಣಜದ ಒಂದು ಗೋಡೆ ಉಳಿದಿದೆ. ನಾನು ತುಂಬ ಹೊತ್ತು ಆ ಗೋಡೆ ನೋಡಿದೆ. ಹೊಲದಿಂದ ಕಿತ್ತ ಕಲ್ಲುಗುಂಡುಗಳನ್ನು ಸೀಳಿ, ಸೀಳಿದ ಮುಖ ಹೊರಗೆ ಬರುವ ಹಾಗೆ ಕೂರಿಸಿದ್ದಾರೆ. ಕೆಂಪು, ಬೂದು, ಕಪ್ಪು. ಎರಡು ಕಲ್ಲಿನ ನಡುವೆ ಗಾರೆ. ಆ ಗಾರೆಯೊಳಗೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಲ್ಲಿನ ಚೂರುಗಳನ್ನು ಒತ್ತೊತ್ತಾಗಿ ಸಾಲಾಗಿ ಚುಚ್ಚಿದ್ದಾರೆ, ಹೊಲಿಗೆ ಹಾಕಿದ ಹಾಗೆ. ಗಾರೆ ಗಟ್ಟಿಯಾಗಲಿ, ಮಳೆಗೆ ಕೊಚ್ಚಿಹೋಗದಿರಲಿ ಅಂತ. ಒಂದು ಮಾರು ಗೋಡೆಯಲ್ಲಿ ಅಂಥ ಚೂರು ಸಾವಿರಗಟ್ಟಲೆ. ಒಂದೊಂದನ್ನೂ ಯಾರೋ ಬೆರಳಿನಿಂದ ಒತ್ತಿದ್ದಾರೆ. ಆ ಕೈ ಯಾವ ಬ್ಯಾರನ್ನಿನದೂ ಅಲ್ಲ. ಮೋಯಿಸಿನ ಹಗ್ಗವನ್ನು ಕೆಸರಲ್ಲಿ ಎಳೆದ ಕೈಯೇ ಈ ಚೂರನ್ನು ಇಷ್ಟು ಅಚ್ಚುಕಟ್ಟಾಗಿ ಕೂರಿಸಿತು ಅಂತ ನನಗೆ ಅನಿಸಿತು. ಅವರಿಗೆ ಅದು ತಮ್ಮ ಕೆಲಸ ಆಗಿತ್ತು.

ಈಗ ಪಾಲ್ಮ್ಸೆಯ ಮನೆ ಇಷ್ಟು ಚೆನ್ನಾಗಿ ಹೇಗೆ ಉಳಿಯಿತು ಅಂತ ಕೇಳಬಹುದು. ಅದು ತಾನಾಗಿ ಉಳಿದದ್ದಲ್ಲ. ಪಾಲೆನ್‌ರು ಹೋದ ಮೇಲೆ ವಿಶ್ರಾಂತಿ ಧಾಮ ಆಯಿತು, ಸೋವಿಯತ್ ಕಾಲದಲ್ಲಿ ಮಕ್ಕಳ ಶಿಬಿರ ಆಯಿತು. ಉಳಿದ ಜರ್ಮನ್ ಮನೆತನಗಳು 1939ರಲ್ಲಿ ಹಿಟ್ಲರ್ ಕರೆದಾಗ ಹಡಗು ಹತ್ತಿ ಹೋದರು. ಏಳು ಶತಮಾನದ ವಾಸ ಕೆಲವೇ ತಿಂಗಳಲ್ಲಿ ಮುಗಿಯಿತು. ಮುಂದಿನ ವರ್ಷ ಸೋವಿಯತ್ ಸೈನ್ಯ ಬಂತು. 1919ರಲ್ಲಿ ಸಿಕ್ಕಿದ ಹೊಲ ಸಾಮೂಹಿಕ ಬೇಸಾಯಕ್ಕೆ ಹೋಯಿತು. ಬಿಟ್ಟುಕೊಡಲಿ ಅಂತ 1949ರ ಮಾರ್ಚಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ದನದ ಡಬ್ಬಿಯಲ್ಲಿ ತುಂಬಿ ಸೈಬೀರಿಯಾಕ್ಕೆ ಸಾಗಿಸಿದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಇದರ ಬಗ್ಗೆ ಬರೆದರೆ ಇನ್ನೊಂದು ಪತ್ರ ಆಗುತ್ತದೆ. ಮೋಯಿಸುಗಳಲ್ಲಿ ಗೊಬ್ಬರ ತುಂಬಿದರು, ಆಫೀಸು ಮಾಡಿದರು, ಛಾವಣಿ ಸೋರಿದ್ದನ್ನು ನೋಡುವವರಿರಲಿಲ್ಲ.

ಅಂಥ ಕಾಲದಲ್ಲಿ, ಲಾಹೆಮಾ ಉದ್ಯಾನ ಆದ ಮೇಲೆ, 1970ರ ದಶಕದಲ್ಲಿ ಪಾಲ್ಮ್ಸೆಯನ್ನು ದುರಸ್ತಿ ಮಾಡಲು ಕೈಹಾಕಿದರು. 1986ರ ಹೊತ್ತಿಗೆ ಮುಗಿಯಿತು. ಮನೆ ಒಂದನ್ನೇ ಅಲ್ಲ, ಕಣಜ, ಭಟ್ಟಿ, ಕಮ್ಮಾರಸಾಲೆ, ಕೆರೆ, ತೋಟ, ಎಲ್ಲವನ್ನೂ. ದೇಶದಲ್ಲಿ ಹೀಗೆ ಪೂರ್ತಿಯಾಗಿ ಸರಿಮಾಡಿದ ಮೊದಲ ಮೋಯಿಸ್ ಇದು. ಒಳಗಿನ ಮೇಜು ಕುರ್ಚಿಗಳಲ್ಲಿ ಹೆಚ್ಚಿನವು ಪಾಲೆನ್‌ರದ್ದಲ್ಲ, ಬೇರೆ ಬೇರೆ ಕಡೆಯಿಂದ ಹುಡುಕಿ ತಂದು ಇಟ್ಟವು. ಈ ಕೆಲಸ ಮಾಡಿದವರು ಎಸ್ಟೋನಿಯನ್ನರು, ಒಕ್ಕಲುಗಳ ಮಕ್ಕಳು. ಧಣಿಯ ಮನೆಯನ್ನು ಅವರು ಸರಿಮಾಡಿದ್ದು ಧಣಿಯ ಮೇಲಿನ ಪ್ರೀತಿಯಿಂದಲ್ಲ. ಇದು ನಮ್ಮ ಅಜ್ಜಂದಿರು ಕಟ್ಟಿದ್ದು, ಹಾಗಾಗಿ ನಮ್ಮದು ಅನ್ನುವ ಕಾರಣಕ್ಕೆ. ಅಜ್ಜಿಯ ಮೊಮ್ಮಗ ನನಗೆ ಹೇಳಿದ್ದು ಹೀಗೇ. ಅವನ ತಲೆಮಾರಿನ ಬಹಳ ಜನ ಹೀಗೇ ಯೋಚಿಸುವುದನ್ನು ಕೇಳಿದ್ದೇನೆ. ನಿಮ್ಮ ಬರಹದಲ್ಲಿ ನಾನು ಹುಡುಕಿದ್ದು ಈ ಮಾತನ್ನು. ರಾಜರ ಅರಮನೆ ಅಂದುಬಿಟ್ಟರೆ ಕಟ್ಟಿದವರೂ ಮಾಯ, ಉಳಿಸಿದವರೂ ಮಾಯ.

ನಮ್ಮ ಓದುಗರಲ್ಲಿ ಈ ಕಡೆ ಬರುವವರಿದ್ದರೆ ಒಂದು ಸಲಹೆ. ಪಾಲ್ಮ್ಸೆಗೆ ನೇರ ಹೋಗಬೇಡಿ. ಮೊದಲು ಟಾಲಿನ್ನಿನಲ್ಲೇ ರೋಕಾ ಅಲ್ ಮಾರೆ ಅನ್ನುವ ಕಡಲಂಚಿನ ಜಾಗದಲ್ಲಿ ಬಯಲು ವಸ್ತುಸಂಗ್ರಹಾಲಯ ಇದೆ, 1957ರದ್ದು, ಅಲ್ಲಿಗೆ ಹೋಗಿ. ಹಳ್ಳಿಗಳ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಅದರಲ್ಲಿ ರೆಹಿ ಮನೆ ಅಂತ ಒಂದು ಬಗೆ. ಒಕ್ಕಲು ಮನೆ ಅದು. ಹುಲ್ಲಿನ ಛಾವಣಿ ಮಾರುದ್ದ ಕೆಳಗಿಳಿದಿರುತ್ತದೆ, ಬಾಗಿಲಲ್ಲಿ ಬಗ್ಗದಿದ್ದರೆ ಹಣೆ ಒಡೆಯುತ್ತದೆ. ಒಳಗೆ ಕಲ್ಲಿನ ದೊಡ್ಡ ಒಲೆ, ಹೊಗೆಗೊಳವೆ ಇಲ್ಲ. ಈ ಒದ್ದೆ ನಾಡಿನಲ್ಲಿ ಕೊಯ್ದ ರೈ ಬಿಸಿಲಿಗೆ ಒಣಗುವುದಿಲ್ಲ, ಹಾಗಾಗಿ ಸಿವುಡುಗಳನ್ನು ತಲೆ ಮೇಲಿನ ತೊಲೆಗಳ ಮೇಲೆ ಒಟ್ಟಿ ಒಲೆಯ ಬಿಸಿ ಮತ್ತು ಹೊಗೆಯಲ್ಲಿ ಒಣಗಿಸುತ್ತಿದ್ದರು. ಅದೇ ಕೋಣೆಯಲ್ಲಿ, ಅದೇ ಹೊಗೆಯ ಕೆಳಗೆ, ಮನೆಮಂದಿ ಮಲಗುತ್ತಿದ್ದರು, ಬಾಣಂತಿಯೂ ಕೂಸೂ ಕೂಡ. ಬಗ್ಗಿ ಒಳಗೆ ಹೋಗಿ ಐದು ನಿಮಿಷ ನಿಂತು ಬನ್ನಿ. ಶರಟಿನಲ್ಲಿ ಹೊಗೆ ವಾಸನೆ ಸಂಜೆಯವರೆಗೂ ಉಳಿಯುತ್ತದೆ. ಮರುದಿನ ಪಾಲ್ಮ್ಸೆಗೆ ಹೋಗಿ, ಆ ಎತ್ತರದ ಕಿಟಕಿಗಳ ಮುಂದೆ ನಿಲ್ಲಿ.

ಹೋದವರು ಸಗಾದಿಯನ್ನೂ ನೋಡಿ, ಅಲ್ಲಿ ಕಾಡಿನ ಮ್ಯೂಸಿಯಂ ಇದೆ. ಆಲ್ಟ್ಯಾ ಅನ್ನುವ ಮೀನುಗಾರರ ಹಳ್ಳಿಯೂ ಹತ್ತಿರ. ಬೇಸಿಗೆಯಲ್ಲಿ ಬಂದರೆ ಇನ್ನೊಂದು ಒಳ್ಳೆಯ ಅವಕಾಶ ಇದೆ. 'ಮರೆತುಹೋದ ಮೋಯಿಸುಗಳು' ಅಂತ ಪ್ರತಿ ಬೇಸಿಗೆ ಕೆಲವು ದಿನ ಶಾಲೆಗಳಿರುವ ಮೋಯಿಸುಗಳ ಬಾಗಿಲು ಎಲ್ಲರಿಗೂ ತೆರೆಯುತ್ತಾರೆ. ಮಕ್ಕಳೇ ಮುಂದೆ ನಿಂತು ಮನೆ ತೋರಿಸುತ್ತಾರೆ. ಊರಿನ ಹೆಂಗಸರು ಕೇಕು ಮಾಡಿ ಮಾರುತ್ತಾರೆ. ನಾನು ಹೋದ ಒಂದು ಕಡೆ ಹತ್ತು ಹನ್ನೊಂದು ವರ್ಷದ ಹುಡುಗಿ ಇಂಗ್ಲಿಷಿನಲ್ಲಿ ತಡವರಿಸುತ್ತಾ ಛಾವಣಿಯ ಗಾರೆಯ ಹೂಗಳನ್ನು ತೋರಿಸಿ, ಕೊನೆಗೆ ಧೈರ್ಯ ಮಾಡಿ, ಇದು ನನ್ನ ಗಣಿತದ ಕೋಣೆ ಅಂದಳು. ಹಳ್ಳಿಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಸಣ್ಣ ಶಾಲೆಗಳು ಮುಚ್ಚುವ ಭಯ ಯಾವಾಗಲೂ ಇದೆ. ಶಾಲೆ ಮುಚ್ಚಿದರೆ ಆ ಮನೆಯಲ್ಲಿ ಒಲೆ ಉರಿಸುವವರಿಲ್ಲ, ಒಂದೆರಡು ಚಳಿಗಾಲ ಸಾಕು, ಗಾರೆಯ ಹೂಗಳು ಉದುರುತ್ತವೆ. ಇದು ಇಲ್ಲಿನ ಹಳ್ಳಿಗರನ್ನು ನಿಜವಾಗಿ ಕಾಡುವ ವಿಷಯ. ನನಗೂ ಯೋಚಿಸಿದರೆ ಸಂಕಟವಾಗುತ್ತದೆ.

ಸಂಪಾದಕರೇ, ಲೇಖಕರ ಮೇಲೆ ನನಗೆ ಕೋಪ ಇಲ್ಲ. ಇಷ್ಟು ದೂರ ಬಂದು ಪಾಲ್ಮ್ಸೆವರೆಗೆ ಹೋಗಿ ಕನ್ನಡದಲ್ಲಿ ಬರೆದಿದ್ದಾರೆ, ಅದೇ ದೊಡ್ಡದು. ಆದರೆ ಮುಂದಿನ ಭಾನುವಾರ ಒಂದು ಸಣ್ಣ ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ರಾಜರ ಅರಮನೆ ಅನ್ನುವುದನ್ನು ತೆಗೆದು, ಜರ್ಮನ್ ಜಮೀನ್ದಾರರ ವಾಡೆ, ಎಸ್ಟೋನಿಯನ್ ಒಕ್ಕಲುಗಳು ಕಟ್ಟಿದ್ದು ಅಂತ ಹಾಕಿದರೆ ಸಾಕು. ಜಾಗ ಇದ್ದರೆ ಚಿತ್ರವನ್ನೂ ಕಳಿಸುತ್ತೇನೆ. ಕೆರೆಯ ಕಡೆಯಿಂದ ತೆಗೆದ ಮನೆಯ ಚಿತ್ರ ನೀವು ಆಗಲೇ ಹಾಕಿದ್ದೀರಿ. ನನ್ನ ಹತ್ತಿರ ಇರುವುದು ಆ ಕಣಜದ ಗೋಡೆಯದು, ಹತ್ತಿರದಿಂದ ತೆಗೆದದ್ದು. ಗಾರೆಯಲ್ಲಿ ಚುಚ್ಚಿದ ಚೂರುಗಳು ಎಣಿಸುವ ಹಾಗೆ ಕಾಣುತ್ತವೆ.

ಇಂತಿ,
ನಿಮ್ಮ ಓದುಗ
ಟಾಲಿನ್ (ಊರು ಬಾಗಲಕೋಟೆ ಜಿಲ್ಲೆ)